ಮಾವನವರ ಕಾಲಿನ ತಿದ್ದುಪಡಿ

ನಾನು ಕೊಟ್ಟೂರಿನ ಒಂದು ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು. ಅಷ್ಟೂ ವರ್ಷ ನನ್ನ ಮೇಜು ದಾಟಿ ಒಂದೇ ಒಂದು ಸುಳ್ಳು ಕಾಗದ ಹೋಗಿಲ್ಲ. ನಿಜವಾದ ಕಾಗದಗಳೂ ಹೆಚ್ಚಾಗಿ ಹೋಗಿಲ್ಲ, ಅದು ಬೇರೆ ಮಾತು! ಟಿ.ಸಿ. ಕೇಳಲು ಬಂದವರ ಮುಖವನ್ನು ಎರಡು ಸಲ ನೋಡಿ, ಮೂರನೆಯ ಸಲ ನೋಡುವುದಕ್ಕೆ ನಾಳೆ ಬನ್ನಿ ಎನ್ನುತ್ತಿದ್ದೆ. ಅನುಮಾನ ನನಗೆ ಊಟದ ಮೇಲಿನ ಎಲೆಅಡಿಕೆಯಂತೆ. ಅದಿಲ್ಲದೆ ಏನೂ ಅರಗುವುದಿಲ್ಲ.

ಹೀಗಿರುವಾಗ ಒಂದು ದಿನ ನಮ್ಮ ಮಾವನವರು, ಅಂದರೆ ನನ್ನ ಹೆಂಡತಿ ಗಿರಿಜಾಳ ತಂದೆ, ಮಾಜಿ ಸೈನಿಕ ಬಸವರಾಜಪ್ಪನವರು, ಮುಖ ಕೆಂಪಗೆ ಮಾಡಿಕೊಂಡು ಮನೆಗೆ ಬಂದರು. ಅವರ ಊರು ಹಡಗಲಿ ತಾಲ್ಲೂಕಿನ ಇಟ್ಟಿಗಿ. ಬಂದವರು ನೀರು ಸಹ ಕುಡಿಯದೆ, "ಅಳಿಯಂದ್ರ, ನನ್ನ ಮಿಲಿಟರಿ ದಾಖಲಿ ತಿದ್ದಿಸಬೇಕು" ಎಂದರು.

ನಾನು ಅಂಗಿಯ ತೋಳು ಮಡಚಿ, "ಎರಡು ದಿನದ ಕೆಲಸ ಮಾವಾರ. ನನಗ ಬಿಟ್ಟು ನಿಶ್ಚಿಂತಿಯಿಂದ ಇರ್ರಿ" ಎಂದೆ.

ಅಡುಗೆಮನೆಯಿಂದ ಗಿರಿಜಾ, "ಅಪ್ಪಾ, ನಿನಗ ಬೇರೆ ಯಾರೂ ಸಿಗಲಿಲ್ಲೇನು?" ಎಂದಳು.

ವಿಷಯ ಇಷ್ಟು. ಮಾವನವರು ಸೈನ್ಯದಿಂದ ಬಿಡುಗಡೆಯಾಗಿ ಬರುವಾಗ ಅವರಿಗೊಂದು ಸೇವಾ ಪುಸ್ತಕ ಕೊಟ್ಟಿದ್ದರು. ಅದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ದೇವರ ಜಗಲಿಯ ಮೇಲೆ ಇಟ್ಟುಬಿಟ್ಟಿದ್ದರು. ಪ್ರತಿ ಆಯುಧಪೂಜೆಗೆ ಕುಡುಗೋಲು, ಕೊಡಲಿಗಳ ಪಕ್ಕದಲ್ಲಿ ಅದನ್ನೂ ಇಟ್ಟು, ವಿಭೂತಿ ಹಚ್ಚಿ, ಹೂವೇರಿಸಿ, ಕಾಯಿ ಒಡೆಯುತ್ತಿದ್ದರು. ಅಳಿಯನಾದ ನಾನೂ ಸೇರಿ ಮನೆಮಂದಿಯೆಲ್ಲ ಕೈಮುಗಿಯುತ್ತಿದ್ದೆವು. ಬಿಚ್ಚಿ ಓದಿದವರು ಮಾತ್ರ ಯಾರೂ ಇಲ್ಲ. ಪುಸ್ತಕ ಇಂಗ್ಲಿಷಿನಲ್ಲಿತ್ತು, ಮಾವನವರು ಓದಿದ್ದು ಕನ್ನಡ ಏಳನೆಯ ತರಗತಿ. ಜಗಲಿಯ ಮೇಲಿರುವುದನ್ನು ಪೂಜಿಸಬೇಕು, ಯಾರಾದರೂ ಓದುತ್ತಾರೆಯೇ?

ಹಡಗಲಿಯಲ್ಲಿ ಅಂದು ಮಾಜಿ ಸೈನಿಕರಿಗೆ ಸನ್ಮಾನವಿತ್ತು. ನಿರೂಪಣೆ ಮಾಡುವವನು ಎಲ್ಲರ ಪುಸ್ತಕಗಳನ್ನೂ ತರಿಸಿ, ಒಬ್ಬೊಬ್ಬರ ಸಾಧನೆಯನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದನಂತೆ. ಮಾವನವರ ಪುಸ್ತಕದ ವಿಭೂತಿ ಒರೆಸಿ ಮೈಕಿನಲ್ಲಿ ಹೇಳಿದ್ದು: "ಎಪ್ಪತ್ತೊಂದರ ಯುದ್ಧದ ಕಾಲದಲ್ಲಿ ಕಬಡ್ಡಿ ಆಡುತ್ತ ಬಲಗಾಲಿಗೆ ಪೆಟ್ಟು ಮಾಡಿಕೊಂಡ ಕ್ರೀಡಾಪಟು ಬಸವರಾಜಪ್ಪನವರು!" ಸಭೆ ಗೊಳ್ಳೆಂದು ನಕ್ಕಿತು. ಶಾಲು ಹೊದಿಸಲು ಬಂದವರ ಕೈ ಸರಿಸಿ ಮಾವನವರು ವೇದಿಕೆ ಇಳಿದು ಸೀದಾ ಬಸ್ ಹತ್ತಿದ್ದರು.

"ಶೆಲ್ಲಿನ ಚೂರು ಬಡದದ್ದು ಎಡಗಾಲಿಗ್ರಿ, ಯುದ್ಧದಾಗ. ಇನ್ನೂ ಒಳಗ ಅದಾವ" ಎಂದರು ಮಾವನವರು. "ಗಾಯ ಆದವರಿಗೆ ಕೊಡೋ ಪದಕ ನನಗ ಬರಲಿಲ್ಲ. ಹೋಗಲಿ, ಪುಸ್ತಕದಾಗಂತೂ ಬರದಿರ್ತಾರ ಅಂತ ಸುಮ್ಮನಿದ್ದೆ. ಐವತ್ತು ವರ್ಷ ನಾನು ಕೈಮುಗದದ್ದು ಕಬಡ್ಡಿಗೇನ್ರಿ? ಸಾಯೋದ್ರೊಳಗ ಇದೊಂದು ಸರಿ ಆಗಬೇಕು, ಅಳಿಯಂದ್ರ."

ಕೇಳಿ ನನ್ನ ಕಣ್ಣು ಒದ್ದೆಯಾದವು. ಆದರೆ ಒದ್ದೆ ಕಣ್ಣಿನ ಹಿಂದೆ ಕುಳಿತಿದ್ದ ಗುಮಾಸ್ತ ಆಗಲೇ ಕನ್ನಡಕ ಏರಿಸಿದ್ದ. ಒಂದು ವೇಳೆ ಕಬಡ್ಡಿಯೇ ಆಗಿದ್ದರೆ?

ಮರುದಿನದಿಂದ ನಾನು ಕಿಟಕಿಯಲ್ಲಿ ನಿಂತು, ಕೆಲಸ ಆಗುವವರೆಗೆ ನಮ್ಮಲ್ಲೇ ಉಳಿದ ಮಾವನವರು ಅಂಗಳದಲ್ಲಿ ಓಡಾಡುವುದನ್ನು ಗಮನಿಸತೊಡಗಿದೆ. ಬೆಳಿಗ್ಗೆ ಎಡಗಾಲು ಎಳೆಯುತ್ತಿದ್ದರು. ಮಧ್ಯಾಹ್ನ ಎರಡೂ ಎಳೆಯುವಂತೆ ಕಂಡಿತು. ಇದು ಹೇಗೆ ಸಾಧ್ಯ? ಒಂದು ಚೀಟಿಯಲ್ಲಿ ಎಡ, ಬಲ ಎಂದು ಗೆರೆ ಹೊಡೆದು ಗುರುತು ಹಾಕಿಕೊಳ್ಳುತ್ತಿದ್ದಾಗ ಗಿರಿಜಾ ಹಿಂದೆ ಬಂದು ನಿಂತಳು.

"ಏನ್ ಮಾಡಾಕತ್ತೀರಿ?"

"ಏನಿಲ್ಲ. ಪರಿಶೀಲನೆ."

"ನಮ್ಮಪ್ಪನ್ನ ಪರಿಶೀಲನಿ ಮಾಡ್ತೀರಾ? ಅವನು ಮದುವಿಗೆ ಮುಂಚೆ ನಿಮ್ಮನ್ನ ಮಾಡಿದ್ರ ನನ್ನ ಬಾಳೇವು ಚಲೋ ಇರ್ತಿತ್ತು!"

ಮೂರನೆಯ ದಿನ ಅರ್ಜಿ ಬರೆದೆ. ಏನು ಅರ್ಜಿ ಅಂತೀರಿ! ಸೈನ್ಯದ ದಾಖಲಾತಿ ಕಚೇರಿಯವರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು, ಅಂಥದು. ಕೊನೆಯಲ್ಲಿ ಸಾಕ್ಷಿಯ ಸಹಿ ಬೇಕಿತ್ತು. ಸಾಕ್ಷಿ ನಾನೇ, ಅರ್ಜಿದಾರರ ಅಳಿಯ. ಆದರೆ ಸುಮ್ಮನೆ ಸಹಿ ಹಾಕಿ ಅಭ್ಯಾಸವಿಲ್ಲವಲ್ಲ! ಹಳೆಯ ಚಾಳಿಯಂತೆ ಸಹಿಯ ಮೇಲೆ ಒಂದು ಷರಾ ಬರೆದೆ: 'ಮೇಲಿನ ಸಂಗತಿಗಳನ್ನು ಅರ್ಜಿದಾರರು ಹೇಳಿದಂತೆ ಬರೆಯಲಾಗಿದೆ. ಇವುಗಳ ಸತ್ಯಾಸತ್ಯತೆಗೆ ಸಾಕ್ಷಿಯು ಜವಾಬ್ದಾರನಲ್ಲ.' ಮಾವನವರ ಫೋನು ಸದಾ ಚಾರ್ಜ್ ಇಲ್ಲದೆ ಮಲಗಿರುತ್ತದೆಂದು ನನ್ನ ನಂಬರನ್ನೇ ಕೊಟ್ಟೆ. ರಿಜಿಸ್ಟರ್ ಮಾಡಿಸಿ, ಅಂಚೆಯವರು ಅದನ್ನು ಚೀಲಕ್ಕೆ ಹಾಕುವವರೆಗೂ ಕೌಂಟರಿನ ಮುಂದಿನಿಂದ ಕದಲಲಿಲ್ಲ.

ಒಂದು ತಿಂಗಳಾದ ಮೇಲೆ ಫೋನು ಬಂತು. ಗಡಸು ದನಿ, ಹಿಂದಿ. "ಬಸವರಾಜಪ್ಪ ಕಾ ನಂಬರ್ ಔರ್ ಜನ್ಮ ತಾರೀಖ್ ಬತಾಯಿಯೇ."

ಆಹಾ! ನನಗೆ ಇದು ಗೊತ್ತಿಲ್ಲವೇ? ಮೊದಲು ಹುಟ್ಟಿದ ತಾರೀಖು ಕೇಳುತ್ತಾರೆ, ಆಮೇಲೆ ಓಟಿಪಿ, ಆಮೇಲೆ ಬ್ಯಾಂಕಿನಲ್ಲಿದ್ದದ್ದೆಲ್ಲ ಸ್ವಾಹಾ! ಫೋನು ಕತ್ತರಿಸಿದೆ. ಎರಡು ದಿನ ಬಿಟ್ಟು ಅದೇ ದನಿ ಮತ್ತೆ ಬಂತು, ಮತ್ತೆ ಕತ್ತರಿಸಿದೆ. ಮೂರನೆಯ ಸಲ ಅವನಿಗೆ ಬುದ್ಧಿ ಕಲಿಸಲೇಬೇಕೆಂದು ಓಣಿಗೆಲ್ಲ ಕೇಳುವಂತೆ ಕಟ್ಟೆಯ ಮೇಲೆ ನಿಂತು ಮಾತಾಡಿದೆ.

"ಹಮ್ ಸುಬೇದಾರ್ ಬೋಲ್ ರಹೇ ಹೈಂ" ಎಂದಿತು ದನಿ.

"ತುಮ್ ಸುಬೇದಾರ್? ಹಮ್ ಕಲೆಕ್ಟರ್! ತುಮಕೋ ಅಂದರ್ ಡಾಲತಾ! ಫೋನ್ ನೀಚೆ ರಖೋ!"

ಅತ್ತ ಕಡೆ ಅವನೇ ಫೋನು ಇಟ್ಟ. ನಾನು ಆ ನಂಬರನ್ನು ಬ್ಲಾಕ್ ಮಾಡಿದೆ. ಎದುರು ಮನೆಯ ಮಂಡಕ್ಕಿ ಭಟ್ಟಿಯ ಶರಣಪ್ಪ ಓಡಿ ಬಂದು ಕೈಕುಲುಕಿ, "ನಿಮ್ಮಂಥೋರು ಓಣಿಗೊಬ್ರು ಇರಬೇಕ್ರಿ ಸರ" ಎಂದ. ಅವನ ಭಟ್ಟಿಯ ಮುಂದೆ ನಿಂತು ನೆರೆದ ನಾಲ್ಕೈದು ಜನಕ್ಕೆ ವಂಚಕರನ್ನು ಗುರುತಿಸುವ ಬಗೆಯನ್ನು ವಿವರಿಸಿದೆ. ಮಾವನವರು ಆಗ ಗುಡಿಗೆ ಹೋಗಿದ್ದರು. ಬಂದ ಮೇಲೆ ಎಂದಿನಂತೆ ಕೇಳಿದರು.

"ಮಿಲಿಟರಿಯವರದು ಏನರ ಸುದ್ದಿ ಬಂತೇನ್ರಿ?"

"ಇಲ್ಲ ಮಾವಾರ. ಸರ್ಕಾರಿ ಕೆಲಸ. ನಿಧಾನ."

ಇನ್ನೂ ಕೆಲವು ದಿನಗಳಾದ ಮೇಲೆ ಲಕೋಟೆ ಬಂತು. ಒಡೆದು ಓದಿದರೆ, ದಾಖಲಾತಿ ಕಚೇರಿಯವರು ಹೀಗೆ ಬರೆದಿದ್ದರು: ಅರ್ಜಿದಾರರಿಗೆ ಮೂರು ಸಲ ದೂರವಾಣಿ ಮಾಡಲಾಗಿ, ತಾನು ಕಲೆಕ್ಟರ್ ಎಂದು ಹೇಳಿಕೊಳ್ಳುವ ವ್ಯಕ್ತಿಯೊಬ್ಬರು ಬೆದರಿಸಿದ್ದಾರೆ. ಅಲ್ಲದೆ ಅರ್ಜಿದಾರರ ಹೇಳಿಕೆಯನ್ನು ಅವರ ಸಾಕ್ಷಿಯೇ ನಂಬಿರುವುದಿಲ್ಲ. ಆದ್ದರಿಂದ ಗಾಯಗೊಂಡ ಕಾಲಿನ ಎಕ್ಸ್‌ರೇಯನ್ನು ಈ ಪತ್ರದ ತಾರೀಖಿನಿಂದ ಮೂವತ್ತು ದಿನದೊಳಗೆ ಕಳಿಸತಕ್ಕದ್ದು. ತಪ್ಪಿದಲ್ಲಿ ಕಡತವನ್ನು ಶಾಶ್ವತವಾಗಿ ಮುಚ್ಚಲಾಗುವುದು.

ಬೇರೆ ಯಾರೇ ಆಗಿದ್ದರೂ ಅಂದೇ ಎಕ್ಸ್‌ರೇ ತೆಗೆಸಲು ಓಡುತ್ತಿದ್ದರು. ನನಗೆ ಬಂದದ್ದು ಮತ್ತೊಂದು ಅನುಮಾನ. ಫೋನು ಮಾಡಿದ ವಂಚಕರೇ ಈ ಕಾಗದವನ್ನೂ ಕಳಿಸಿರಬಾರದೇಕೆ? ಲಕೋಟೆಯ ಅಂಟು ಮೂಸಿದೆ. ಕಾಗದವನ್ನು ಬಿಸಿಲಿಗೆ ಹಿಡಿದೆ. ಮೊಹರು ಅಸಲಿಯೋ ನಕಲಿಯೋ ನೋಡೋಣವೆಂದು ಬೆರಳಿಗೆ ಉಗುಳು ಹಚ್ಚಿ ತಿಕ್ಕಿದೆ. ಮೊಹರು ಅಳಿಸಿಹೋಯಿತು! ಮೊಹರೇ ಇಲ್ಲದ ಕಾಗದವನ್ನು ನಂಬುವುದು ಹೇಗೆ? ಹೀಗೆ ಹನ್ನೆರಡು ದಿನ ಅದನ್ನು ದಿಂಬಿನ ಕೆಳಗಿಟ್ಟುಕೊಂಡೆ. ಹದಿಮೂರನೆಯ ದಿನ ಹಾಸಿಗೆ ಕೊಡವುವಾಗ ಅದು ಗಿರಿಜಾಳ ಕೈಗೆ ಸಿಕ್ಕಿತು. ಆಮೇಲೆ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವಂತಿಲ್ಲ. ಅದು ಮುಗಿದಾಗ, ಕಾಗದ ಅಂಚೆಯಲ್ಲಿ ಕಳೆದ ದಿನಗಳನ್ನೂ ಲೆಕ್ಕ ಹಿಡಿದರೆ, ಉಳಿದದ್ದು ಐದು ದಿನ.

ಎಕ್ಸ್‌ರೇ ಕೊಟ್ಟೂರಿನಲ್ಲೇ ಆಗುತ್ತಿತ್ತು. ಆದರೆ ಇಲ್ಲಿಯವರಿಗೆ ಮಾವನವರು ಪರಿಚಯ. ಪರಿಚಯದವರು ದಾಕ್ಷಿಣ್ಯಕ್ಕೆ ಇಲ್ಲದ ಚೂರನ್ನು ತೋರಿಸಿಬಿಟ್ಟರೆ? ಹಾಗಾಗಿ ಮಾವನವರನ್ನು ಹಗರಿಬೊಮ್ಮನಹಳ್ಳಿಗೆ ಕರೆದುಕೊಂಡು ಹೋದೆ. ಅಲ್ಲಿ ಎಕ್ಸ್‌ರೇ ತೆಗೆಯುವವನು, "ಯಾವ ಕಾಲ್ರಿ?" ಎಂದ.

"ಎಡಗಾಲು" ಎಂದರು ಮಾವನವರು.

"ಬಲಗಾಲು" ಎಂದೆ ನಾನು.

ಮಾವನವರು ನನ್ನ ಕಡೆ ತಿರುಗಿದರು. "ಅಳಿಯಂದ್ರ, ಕಾಲು ನಂದ್ರಿ."

"ಕಾಲು ನಿಮ್ದ ಮಾವಾರ, ದಾಖಲಿ ಸರ್ಕಾರದ್ದು. ಅದರಾಗ ಬಲಗಾಲು ಅಂತೈತಿ. ದಾಖಲಿ ಪ್ರಕಾರ ಹೋದರ ಯಾರೂ ಆಕ್ಷೇಪಣಿ ಎತ್ತಂಗಿಲ್ಲ. ಕಾಗದದ ವ್ಯವಹಾರ ನನಗ ಬಿಡ್ರಿ."

ಸುಳ್ಳೆಂದು ತಿದ್ದಿಸಲು ಹೊರಟಿದ್ದ ಅದೇ ಕಾಗದವನ್ನು ನಂಬಿ, ಎದುರಿಗೆ ನಿಂತ ಮನುಷ್ಯನನ್ನು ನಾನು ನಂಬಲಿಲ್ಲ. ಮೂವತ್ತಮೂರು ವರ್ಷ ಇದನ್ನೇ ಮಾಡಿದವನಿಗೆ ಅದರಲ್ಲಿ ತಪ್ಪೂ ಕಾಣಲಿಲ್ಲ. ಮಾವನವರು ಬಲಗಾಲು ಚಾಚಿದರು. ಎಕ್ಸ್‌ರೇ ಬಂತು. ಸ್ವಚ್ಛವಾದ ಮೂಳೆ! ಚೂರಿಲ್ಲ, ಗೀರಿಲ್ಲ.

ನನ್ನ ಎದೆಯಲ್ಲಿ ಎದ್ದದ್ದು ವಿಜಯದ ಭಾವನೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಮರಳಿ ಬರುವ ಬಸ್ಸಿನಲ್ಲಿ ಅವರ ಕಿವಿಯ ಹತ್ತಿರ ಬಾಗಿ, ಬಹಳ ಉದಾರವಾಗಿ ಹೇಳಿದೆ: "ಮಾವಾರ, ಕಬಡ್ಡಿ ಆಡೋದ್ರಾಗ ತಪ್ಪೇನೈತ್ರಿ? ಅದೂ ದೇಶದ ಆಟನ."

ಮಾವನವರು ಎದ್ದು, ಕಂಬಿ ಹಿಡಿದುಕೊಂಡು, ಎಡಗಾಲು ಎಳೆಯುತ್ತ ಹೋಗಿ ಹಿಂದಿನ ಸೀಟಿನಲ್ಲಿ ಕುಳಿತರು.

ಮರುದಿನ ಬೆಳಿಗ್ಗೆ ಅವರು ತಾವು ಮಲಗುತ್ತಿದ್ದ ಹಲಗೆಯ ಮೇಲೆ ಇರಲಿಲ್ಲ. ಚೀಲವೂ ಇರಲಿಲ್ಲ. ಗಿರಿಜಾ ನನ್ನ ಕೈಯಿಂದ ಎಕ್ಸ್‌ರೇ ಕಸಿದುಕೊಂಡು, ಅದರ ಮೂಲೆಯಲ್ಲಿ ಬಲಗಾಲೆಂದು ತೋರಿಸುವ 'R' ಅಕ್ಷರ ನೋಡಿ ಹಣೆ ಬಡಿದುಕೊಂಡಳು.

"ಬಲಗಾಲು ತಗಸಿ ಎಡಗಾಲಾಗ ಚೂರಿಲ್ಲ ಅಂತೀರಲ್ರೀ! ಸಣ್ಣಾಕಿ ಇದ್ದಾಗ ಚಳಿಗಾಲದಾಗ ಅಪ್ಪನ ಎಡಗಾಲಿಗೆ ಬಿಸಿ ಎಣ್ಣಿ ತಿಕ್ಕಾಕಿ ನಾನ. ಒಳಗ ಕೈಗೆ ಹತ್ತತಿದ್ವು ಚೂರು. ನನ್ನ ಒಂದು ಮಾತು ಕೇಳಿದ್ರೇನು ನೀವು?"

ಇಲ್ಲ, ಕೇಳಿರಲಿಲ್ಲ. ಹೆಂಡತಿಯ ಮಾತು ದಾಖಲೆಯಲ್ಲವಲ್ಲ!

ಕೊಟ್ಟೂರಿನ ಬಸ್ ನಿಲ್ದಾಣದವರೆಗೆ ಚಪ್ಪಲಿ ಸಹ ಹಾಕದೆ ಓಡಿದೆ. ಮಾವನವರು ಹಡಗಲಿಯ ಬಸ್ಸಿಗಾಗಿ ಕಾಯುತ್ತ ಕುಳಿತಿದ್ದರು. ಅವರ ಎದುರು ನಿಂತು, "ತಪ್ಪಾತು ಮಾವಾರ. ಎಡಗಾಲಿನ ಎಕ್ಸ್‌ರೇ ತಗಸೋಣ ಬರ್ರಿ" ಎಂದೆ.

"ಬ್ಯಾಡ್ರಿ. ಸಭಾದಾಗ ಮಂದಿ ನಕ್ಕಾಗ ಬರೇ ಸಿಟ್ಟು ಬಂದಿತ್ತು. ಮನಿ ಅಳಿಯ ನಂಬಲಿಲ್ಲ ಅಂದಾಗ ಇನ್ಯಾರ ಮುಂದ ಖರೇ ಮಾಡೋದು?"

ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಗಿರಿಜಾ ಹಿಂದೆಯೇ ಬಂದಳು. ಅಪ್ಪನ ಚೀಲ ಎತ್ತಿ ಹೆಗಲಿಗೇರಿಸಿ, "ಏಳಪ್ಪ, ಈ ಸಲ ನಾನೂ ಬರ್ತೀನಿ" ಎಂದಳು. ಮಗಳ ಮಾತಿಗೆ ಅವರು ಎದ್ದರು.

ಹಗರಿಬೊಮ್ಮನಹಳ್ಳಿಯವನು ನಮ್ಮನ್ನು ನೋಡಿ ನಕ್ಕ. "ನಿನ್ನೆ ಬಲಗಾಲು, ಇವತ್ತು ಎಡಗಾಲು. ನಾಳೆ ಏನು ತಗೀಬೇಕ್ರಿ ಸರ?"

"ನಾಳೆ ಇವರ ತಲಿ ತಗೀರಿ" ಎಂದಳು ಗಿರಿಜಾ. "ಒಳಗ ಏನರ ಐತೋ ಇಲ್ಲೋ ನೋಡೇಬಿಡೋಣ."

ಎಕ್ಸ್‌ರೇ ಬಂತು. ಮೊಣಕಾಲಿನ ಕೆಳಗೆ, ಮೂಳೆಯ ಪಕ್ಕದಲ್ಲಿ, ಕಡಲೆಕಾಳಿನಷ್ಟು ದಪ್ಪನಾದ ಮೂರು ಬಿಳಿ ಚುಕ್ಕೆಗಳು. ತೆಗೆದವನು ನಗುವುದನ್ನು ನಿಲ್ಲಿಸಿದ್ದ. ಮಾವನವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲ ಬೆಳಕಿಗೆ ಎತ್ತಿ, ಬಹಳ ಹೊತ್ತು ನೋಡಿದರು.

"ಐವತ್ತು ವರ್ಷ ಆತು ಜತಿಗಿದ್ದು. ಮಾರಿ ಇವತ್ತ ನೋಡಿದ್ನಿ" ಎಂದು ನಕ್ಕರು.

ಅಂದೇ ಎಕ್ಸ್‌ರೇ ಕಳಿಸಿದೆ. ಜೊತೆಗೆ, ಸಾಕ್ಷಿಯು ತನ್ನ ಅನುಮಾನವನ್ನು ಬೇಷರತ್ತಾಗಿ ಹಿಂದಕ್ಕೆ ಪಡೆದಿದ್ದಾನೆ ಎಂದು ಒಂದು ಪತ್ರ. ಆಮೇಲೆ ನಂಬರಿನ ಬ್ಲಾಕ್ ತೆಗೆದು, ಉಸಿರು ಬಿಗಿಹಿಡಿದು ಫೋನು ಮಾಡಿದೆ. ನನ್ನ ದನಿ ಕೇಳುತ್ತಲೇ ಅತ್ತಲಿಂದ, "ಹಾಂ ಜೀ, ಕಲೆಕ್ಟರ್ ಸಾಬ್!" ಎಂದರು ಸುಬೇದಾರರು. ನಾನು ಕ್ಷಮೆ ಕೇಳುವ ಹಿಂದಿ ಹುಡುಕುತ್ತಿರುವಾಗಲೇ ಹಿರಿಯರಿಗೆ ಫೋನು ಕೊಡಿ ಎಂದರು. ಮಾವನವರು ಎದ್ದು ನಿಂತು ಮಾತಾಡಿದರು. ಫೋನು ಮುಗಿದ ಮೇಲೂ ಸ್ವಲ್ಪ ಹೊತ್ತು ನೆಟ್ಟಗೇ ನಿಂತಿದ್ದರು.

ಕೆಲವು ತಿಂಗಳಲ್ಲಿ ಪೊಟ್ಟಣ ಬಂತು. ಒಳಗೆ ಪದಕ, ತಿದ್ದುಪಡಿಯಾದ ಹಾಳೆ. ಮಾವನವರು, "ಎಲ್ಲಾ ಕೇಳೋ ಹಂಗ ಕನ್ನಡದಾಗ ಓದ್ರಿ" ಎಂದರು. ಓದಿದೆ. ಎಡಗಾಲು. ಯುದ್ಧದಲ್ಲಿ, ಶತ್ರುವಿನ ಶೆಲ್ಲಿನಿಂದ. ಬಲಗಾಲಿನ ಕಬಡ್ಡಿಯ ಪೆಟ್ಟು ಅದೇ ಹೆಸರಿನ ಬೇರೊಬ್ಬ ಸೈನಿಕನದು, ಅವನ ಆಸ್ಪತ್ರೆಯ ಚೀಟಿ ಈ ಕಡತಕ್ಕೆ ಸೇರಿತ್ತು. ಮಾವನವರು ಕಣ್ಣು ಒರೆಸಿಕೊಂಡರು. ನಾನು ಹಾಳೆ ಮಡಚತೊಡಗಿದೆ.

ನನ್ನ ಹೆಗಲ ಮೇಲಿಂದ ಇಣುಕುತ್ತಿದ್ದ ಗಿರಿಜಾ, "ಕೊನೀ ಸಾಲು ಯಾಕ ನುಂಗಿದ್ರಿ? ಓದ್ರಿ ಅದನ್ನೂ" ಎಂದಳು.

ವಿಧಿಯಿಲ್ಲದೆ ಓದಿದೆ: "ಪ್ರಕರಣದ ವಿಳಂಬಕ್ಕೆ ಕಾರಣ: ಅರ್ಜಿದಾರರ ಅಳಿಯ."

ಭಾರತೀಯ ಸೈನ್ಯದ ದಾಖಲೆಯಲ್ಲಿ ನಾನು! ಶಾಶ್ವತವಾಗಿ! "ಮಾವಾರ, ಇದೊಂದು ಸಾಲು ತಗಸಾಕ ಇನ್ನೊಂದು ಅರ್ಜಿ ಹಾಕೋಣ್ರಿ. ಎರಡು ದಿನದ ಕೆಲಸ" ಎಂದೆ.

ಮಾವನವರು ಹಾಳೆಯನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು.

"ಬ್ಯಾಡ್ರಿ ಅಳಿಯಂದ್ರ. ಐವತ್ತು ವರ್ಷದ ಮ್ಯಾಲ ಎಲ್ಲಾ ಸಾಲೂ ಖರೇ ಆಗ್ಯಾವ. ಕೈ ಹಚ್ಚಬ್ಯಾಡ್ರಿ."

ಆ ಸಾಲನ್ನು ಇನ್ನೊಮ್ಮೆ, ಮತ್ತೊಮ್ಮೆ ನೋಡಿದೆ. ಎಷ್ಟು ಹುಡುಕಿದರೂ ಅದರಲ್ಲಿ ಅನುಮಾನ ಪಡುವಂಥದ್ದು ಏನೂ ಸಿಗಲಿಲ್ಲ.