ಪಡಸಾಲೆಯಲ್ಲಿ ಹಿಡಿಯದ ಪ್ರಾರ್ಥನೆ

ವಾರಕ್ಕೊಮ್ಮೆಯಾದರೂ ಬೆರಗಾಗದಿದ್ದರೆ ನನಗೆ ರವಿವಾರ ಬಂದಂತೆಯೇ ಅನ್ನಿಸುವುದಿಲ್ಲ. ನವಲಗುಂದದ ನಮ್ಮ ಓಣಿಯ ಟೇಲರ್ ಅಣ್ಣ ತನ್ನ ಪಡಸಾಲೆಯಲ್ಲಿ ಯೇಸುವಿನ ಪ್ರಾರ್ಥನೆ ಶುರು ಮಾಡಿದಾಗ ಬರುತ್ತಿದ್ದದ್ದು ನಾಲ್ಕೇ ಮನೆಯವರು. ಹಾರ್ಮೋನಿಯಂ ಬಾರಿಸುವ ಕೆಲಸ ನನ್ನದು. ಪ್ರಾರ್ಥನೆ ಮುಗಿದ ಮೇಲೆ ಅವನ ಅವ್ವ ಎಲ್ಲರಿಗೂ ರೊಟ್ಟಿ ಬಡಿದು ಹಾಕಿ, ಕೊನೆಗೆ ಮಗನ ಎದುರು ಕೂತು ತಾನು ಉಣ್ಣುತ್ತಿದ್ದಳು. ವಾರವೆಲ್ಲ ಹೊಲಿಗೆಯಲ್ಲಿ ಮುಳುಗಿರುವ ಮಗ ಆಕೆಗೆ ಸಿಗುತ್ತಿದ್ದದ್ದು ಆ ಒಂದು ಹೊತ್ತು ಮಾತ್ರ.

ಹತ್ತಿ ಗೋದಾಮು

ಜನ ಹೆಚ್ಚಾದರು, ಹತ್ತಿ ಗೋದಾಮು ಬಾಡಿಗೆಗೆ ಹಿಡಿದೆವು. ಎಷ್ಟು ಗುಡಿಸಿದರೂ ಅರಳೆಯ ಧೂಳು ಹೋಗಲಿಲ್ಲ. ಮೊದಲ ಹಾಡಿಗೇ ಎಲ್ಲರ ಕಣ್ಣು ಮೂಗಲ್ಲಿ ನೀರು. ಬಾಗಿಲಲ್ಲಿ ಇಣುಕುತ್ತಿದ್ದ ಹೆಂಗಸೊಬ್ಬಳು ಗಲ್ಲಕ್ಕೆ ಕೈ ಹಚ್ಚಿ, "ಯವ್ವಾ, ಹಾಡು ಶುರು ಆಗೂದ್ರಾಗ ಅಳಾಕ್ಹತ್ಯಾರ! ಎಂಥಾ ಭಕ್ತಿ ಅಂತೀನಿ!" ಅಂದಳು.

ಮುಂದಿನ ರವಿವಾರ ಗೋದಾಮು ತುಂಬಿ ಹೊರಗೂ ಜನ. ಆಮೇಲೆ ಗುಡಿಸಲು ಹೋದರೆ ಹಿರಿಯರೊಬ್ಬರು ನನ್ನ ಕೈಯಿಂದ ಕಸಬರಿಗೆ ಕಸಿದುಕೊಂಡರು. "ಬ್ಯಾಡ್ರಿ ಅಕ್ಕಾರ, ಧೂಳ ಇರ್ಲಿ."

ದೊಡ್ಡ ಪರದೆ

ಈಗ ರಸ್ತೆ ಬಾಜು ನಮ್ಮದೇ ಸಭಾಂಗಣ, ಗೋಡೆಯಷ್ಟು ದೊಡ್ಡ ಪರದೆ. ಟೇಲರ್ ಅಣ್ಣ ಕೋಟು ಹಾಕಿದ ಪಾಸ್ಟರು, ಪರದೆ ತುಂಬ ಅವರದೇ ಮುಖ. ಒಮ್ಮೆ ಬೋಧಿಸುತ್ತಲೇ ವೇದಿಕೆ ಇಳಿದು ಜನರ ನಡುವೆ ಬಂದರು. ತಿರ್ಲಾಪುರದ ಕಾಕಾ ಒಬ್ಬರು ಅವರ ಕೋಟು ಜಗ್ಗಿ, "ತಮ್ಮಾ, ಸ್ವಲ್ಪ ಬಾಜು ಸರಿ. ಪಾಸ್ಟರು ಕಾಣವಲ್ರು" ಅಂತ ಪರದೆ ತೋರಿಸಿದರು.

ಪಾಸ್ಟರು ಬಾಜು ಸರಿದರು.

ಸಾಲು

ರವಿವಾರಕ್ಕೆ ಮೂರು ಆರಾಧನೆಗಳಾದವು. ಟೇಲರ್ ಅಣ್ಣ ಮನೆಗೆ ಊಟಕ್ಕೆ ಬರುವುದೇ ನಿಂತಿತು. ಅವ್ವ ಸಭಾಂಗಣದ ಹಿಂಬಾಗಿಲಿಗೆ ಹೋಗಿ ಮಗನನ್ನು ಕರೆದರೆ ಕಾವಲಿನ ಹುಡುಗಿ, "ಎಲ್ಲಾರೂ ಸಾಲಿನ್ಯಾಗ ಬರ್ತಾರ, ನೀವೂ ಬರ್ರಿ ಆಯಿ" ಅಂದಳಂತೆ.

ಬಂದಳು. ಬಾಧೆ ಇದ್ದವರ ಸಾಲಿನಲ್ಲಿ ನಿಂತು ವೇದಿಕೆ ಹತ್ತಿದಳು. ಅಲ್ಲಿ ಪಾಸ್ಟರು ತಲೆ ಮೇಲೆ ಕೈ ಇಟ್ಟರೆ ದೇವರ ಶಕ್ತಿ ತಾಗಿತೆಂದು ಕೆಲವರು ಹಿಂದಕ್ಕೆ ಬೀಳುತ್ತಾರೆ. ಹಿಡಿಯಲು ಬೆನ್ನ ಹಿಂದೆ ಇಬ್ಬರು ಗಟ್ಟಿ ಗಂಡಸರು ಕೈ ಚಾಚಿ ನಿಂತಿರುತ್ತಾರೆ.

ಪಾಸ್ಟರು ಕಣ್ಣು ಮುಚ್ಚಿಕೊಂಡೇ ಕೈ ಇಟ್ಟು, "ಏನ್ ಬಾಧಿ ಐತೆವ್ವಾ?" ಅಂದರು. ಮೈಕು ಆಕೆಯ ಬಾಯಿಗೆ ಬಂತು.

"ನನ್ನ ಮಗ ಮನ್ಯಾಗ ಉಣ್ಣೂದ ಬಿಟ್ಟಾನ್ರಿ. ಅವನ್ನ ಹೊಳ್ಳಿ ಮನಿಗೆ ಕಳಸ್ರಿ."

ಪಾಸ್ಟರು ಕಣ್ಣು ಬಿಟ್ಟರು. ಮುದುಕಿ ಅಲುಗಲಿಲ್ಲ. ಕುಸಿದು ಕೂತವರು ಪಾಸ್ಟರೇ! ಹಿಡಿಯುವವರಿಬ್ಬರೂ ಇನ್ನೂ ಮುದುಕಿಯ ಹಿಂದೆಯೇ ಕೈ ಚಾಚಿ ನಿಂತಿದ್ದರು. ತೆರೆದ ಬಾಯಿ ಮುಚ್ಚುವುದನ್ನೇ ನಾನು ಮರೆತೆ.

"ಏಳಲೇ, ಬದನಿಕಾಯಿ ಪಲ್ಯ ಆರಾಕ್ಹತ್ತೇತಿ" ಅಂತ ಆಕೆ ರಟ್ಟೆ ಹಿಡಿದು ಎಬ್ಬಿಸಿದಳು. ಮಗ ಆಕೆಯ ಹಿಂದೆ ಹೊರಟ. ಸಭೆಗೆ ಸಭೆಯೇ ಎದ್ದು ನಿಂತು "ಹಲ್ಲೆಲೂಯಾ!" ಅಂದಿತು.

ಇಬ್ಬರೂ ಮೆಟ್ಟಿಲು ಇಳಿಯುವಷ್ಟರಲ್ಲಿ ಸಾಲಿನಲ್ಲಿದ್ದ ಹೆಂಗಸರು ಪಾಸ್ಟರನ್ನು ಅತ್ತ ತಳ್ಳಿ, ಮುದುಕಿಯ ಮುಂದೆ ಒಬ್ಬರ ಹಿಂದೊಬ್ಬರು ತಲೆ ಬಗ್ಗಿಸಿದರು:

"ಯವ್ವಾ, ನನ್ನ ಮಗಾನೂ ಮನಿಗೆ ಬರವಲ್ಲ. ನನ್ನ ತಲಿ ಮ್ಯಾಲೂ ಒಂದ್ ಕೈ ಇಡ ಬೇ!"