ವಾಚಾಳಿ ಸರ್ವರು ಮತ್ತು ಶೇಂಗಾ ಹೋಳಿಗೆ

ಅತಿ ಮಾತಿನವರನ್ನು ಕಂಡರೆ ನನಗಾಗುವುದಿಲ್ಲ. ಈ ಸಂಗತಿಯನ್ನು ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿಕೊಂಡು ಬಹಳ ಹೊತ್ತು ವಿವರಿಸಿದ್ದೇನೆ. ಈಗ ಅದು ನೆನಪಾದರೆ ಮುಖ ಎಲ್ಲಿ ಬಚ್ಚಿಟ್ಟುಕೊಳ್ಳಲಿ ಎನಿಸುತ್ತದೆ.

ನಾನು ಧಾರವಾಡದವನು. ವಿಶಾಖಪಟ್ಟಣದ ಮಧುರವಾಡದಲ್ಲಿ ನಮ್ಮ ಬ್ಯಾಂಕಿನ ಲಿನಕ್ಸ್ ಸರ್ವರುಗಳನ್ನು ನೋಡಿಕೊಳ್ಳುತ್ತೇನೆ. ಹೆಂಡತಿ ಸುಮಂಗಲಾ ಇನ್ನೊಂದು ಬ್ಯಾಂಕಿನವಳು, ವಿಜಯವಾಡದ ಭವಾನಿಪುರಂನಲ್ಲಿ ಇದ್ದಾಳೆ. ವರ್ಗಾವಣೆಯ ದೆಸೆಯಿಂದ ನಮ್ಮದು ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳ ಸಂಸಾರ. ಅದಕ್ಕೂ ಒಂದು ಸರ್ವರು ಅಡ್ಡ ಬಂತು. ಕರ್ನೆಲ್ ಲಾಗ್ ಎಂದರೆ ಯಂತ್ರ ತನ್ನ ಆರೋಗ್ಯ ಹೇಳಿಕೊಳ್ಳುವ ಜಾಗ. ಈ ಸರ್ವರಿನಲ್ಲಿ ಅದರ ತುಂಬ ಬರೀ ಆಡಿಟ್ ಸಂದೇಶಗಳು: ಇಂಥವರು ಒಳಗೆ ಬಂದರು, ಹೊರಗೆ ಹೋದರು, ಇಂಥ ಕೆಲಸ ಶುರುವಾಯಿತು, ಮುಗಿಯಿತು. ಸರ್ವರು ಕುಂಟುತ್ತಿದೆ, ಎಲ್ಲಿ ನೋವೆಂದು ಈ ಗದ್ದಲದಲ್ಲಿ ತಿಳಿಯದು. ಪೂರ್ತಿ ಬಾಯಿ ಮುಚ್ಚಿಸೋಣವೆಂದರೆ ಬ್ಯಾಂಕಿನ ನಿಯಮ ಬಿಡದು. ಎರಡು ಸಲ ವಿಜಯವಾಡಕ್ಕೆ ಹೋಗುವುದು ತಪ್ಪಿತು.

ಕೌಂಟರಿನಲ್ಲಿರುವವಳಿಗೆ ಫೋನು ಮಾಡುವಂತಿಲ್ಲ, ಹಾಗಾಗಿ ನಮ್ಮಲ್ಲಿ ಮೆಸೇಜಿನ ಪದ್ಧತಿ. ನನ್ನ ಬಾಡಿಗೆ ರೂಮು ಗಾಜುವಾಕದಲ್ಲಿ, ಕಚೇರಿ ಊರಿನ ಇನ್ನೊಂದು ತುದಿಯಲ್ಲಿ. ಬಸ್ಸಿನಲ್ಲಿ ಬೇಕಾದಷ್ಟು ಪುರುಸೊತ್ತು. ರೂಮು ಬಿಟ್ಟೆ, ಸೀಟು ಸಿಕ್ಕಿತು, ಪೆಸರಟ್ಟು ತಿಂದೆ, ಚಟ್ನಿ ಖಾರ, ನೀರು ಕುಡಿದೆ, ಸರ್ವರಿನ ವಟವಟ ನಿಂತಿಲ್ಲ ಎಂದೆಲ್ಲ ಬರೆಯುತ್ತಿದ್ದೆ.

ಶುಕ್ರವಾರ ಸಂಜೆ ಕಾರಣ ಸಿಕ್ಕಿತು. ಆಡಿಟ್ ಸಂದೇಶಗಳನ್ನು ಬೇರೆ ಫೈಲಿಗೆ ಒಯ್ಯಬೇಕಾದ ಪ್ರೋಗ್ರಾಮು ನಿಂತುಹೋಗಿ, ಅವೆಲ್ಲ ಕರ್ನೆಲ್ ಲಾಗಿಗೆ ಬಂದು ಬೀಳುತ್ತಿದ್ದವು. ಅದನ್ನು ಮತ್ತೆ ಶುರುಮಾಡಿದೆ. ಗದ್ದಲ ಅಡಗಿದ ಮೇಲೆ, ಡಿಸ್ಕು ಕೆಡುತ್ತಿದೆ ಎಂಬ ಎಚ್ಚರಿಕೆ ಕಣ್ಣಿಗೆ ಬಿತ್ತು. ಡಿಸ್ಕು ಬದಲಾಯಿಸಿದೆ. ಹೇಳಲೇಬೇಕಾದ ಒಂದು ಮಾತನ್ನು ಬೇಡದ ನೂರು ಮಾತಿನಲ್ಲಿ ಮುಳುಗಿಸಬಾರದೆಂದು ಮ್ಯಾನೇಜರ ಎದುರು ಭಾಷಣ ಬಿಗಿದೆ. ಆ ಭಾಷಣವನ್ನೂ ತುಂಡುತುಂಡಾಗಿ ಸುಮಂಗಲಾಗೆ ಕಳಿಸಿದೆ. ನಡುವೆಲ್ಲೋ, ನಾಳೆ ಬರುತ್ತೇನೆ ಎಂದೂ ಬರೆದಿದ್ದೆ.

ಶನಿವಾರ ಮಧ್ಯಾಹ್ನ ಹೋಗಿ ನೋಡಿದರೆ ಭವಾನಿಪುರಂ ಮನೆಗೆ ಬೀಗ. ಅವಳಿರುತ್ತಾಳಲ್ಲ ಎಂದು ನಾನು ಕೀಲಿ ತಂದಿರಲಿಲ್ಲ. ಮೇಡಂಗಾರು ನಸುಕಿಗೇ ವೈಜಾಗಿಗೆ ಹೊರಟರು, ನಿಮ್ಮ ಹತ್ತಿರಕ್ಕೇ ಎಂದು ಎದುರುಮನೆಯಾಕೆ ತೆಲುಗಿನಲ್ಲಿ ಹೇಳಿದರು. ಫೋನು ಮಾಡಿದೆ. ಬರಲಾಗದ ಗಂಡನನ್ನು ತಾನೇ ನೋಡಿ ಬರೋಣವೆಂದು ಹೇಳದೆ ಹೋದವಳು, ಗಾಜುವಾಕದಲ್ಲಿ ನನ್ನ ರೂಮಿನ ಬೀಗದ ಮುಂದೆ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ನಿಂತಿದ್ದಳು. ಮೆಸೇಜು ನೋಡಲಿಲ್ಲವೇ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

"ನಿಮ್ಮ ಮೆಸೇಜಿನ ಸಪ್ಪಳ ಬಂದ್ ಮಾಡಿ ಭಾಳ ದಿನಾ ಆತ್ರೀ," ಎಂದಳು. "ಚಟ್ನಿ ಖಾರ, ನೀರ ಕುಡದೆ, ಇವನ್ನೆಲ್ಲಾ ಓದಕೋತ ಕುಂತ್ರ ಕೌಂಟರ್ ನಡಸೋರು ಯಾರು? ಇರ್ರಿ ಅಲ್ಲೇ, ಸಂಜಿ ಟ್ರೇನಿಗೆ ನಾನೇ ಬರ್ತೀನಿ."

ಆದರೂ ಬರುವ ವಿಷಯ ನಾನು ತಿಳಿಸಿದ್ದು ನಿಜವಲ್ಲವೇ? ಅದನ್ನು ತೋರಿಸಿ ಮಾನ ಉಳಿಸಿಕೊಳ್ಳೋಣವೆಂದು ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಹುಡುಕತೊಡಗಿದೆ. ಎದುರುಮನೆಯಾಕೆ ಕೊಟ್ಟ ಕಾಫಿ ಆರಿಹೋಯಿತು. ಆ ಸಾಲು ನನಗೂ ಸಿಗಲಿಲ್ಲ. ಕಾಫಿ ಆರಿತು ಎಂದು ಅವಳಿಗೆ ಬರೆಯಲು ಬೆರಳು ಹೋಯಿತು. ಹೇಗೋ ತಡೆದುಕೊಂಡೆ.