ಬೆಟ್ಟದಾಚೆ ಬಡಿಸಿದ ಎಲೆ

ನಾಚಿಕೆಯ ಸ್ವಭಾವದವರು ಮನೆಯಲ್ಲಿದ್ದರೆ ಅದನ್ನು ಒಳ್ಳೆಯ ಗುಣ ಎನ್ನುತ್ತಾರೆ. ಪ್ರವಾಸಕ್ಕೆ ಹೊರಟರೆ ಅದೇ ಗುಣ ರೋಗವಾಗುತ್ತದೆ. ಪ್ರವಾಸ ಎಂದರೆ ದಿನವಿಡೀ ಯಾರನ್ನಾದರೂ ಏನಾದರೂ ಕೇಳುತ್ತಿರುವುದು: ನೀರು ಎಲ್ಲಿ ಉಂಟು, ಚಪ್ಪಲಿ ಬಿಡಬೇಕಾ, ಸ್ವಲ್ಪ ಗಾಡಿ ನಿಲ್ಲಿಸುತ್ತೀರಾ. ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ತನಕ ಕಲಿತವಳು. ಮಾಸ್ಟ್ರು ಹಾಜರಿ ಕರೆಯುವಾಗ ನಾನು ಉತ್ತರ ಕೊಟ್ಟದ್ದು ಅವರಿಗೆ ಕೇಳಿಸದೆ, ಎದುರಿಗೇ ಕೂತಿದ್ದರೂ ಎಷ್ಟೋ ದಿನ ಗೈರುಹಾಜರಾದವಳು. ಮಕ್ಕಳೇ, ಮಸ್ಕತ್ತಿನಲ್ಲಿ ನೀವಿಬ್ಬರೂ ನನ್ನನ್ನು ಕೇಳಿದಿರಿ, "ಅಜ್ಜೀ, ಅವತ್ತು ನಿಮಗೆ ಏನಾಯಿತು?" ಎಂದು. ನಾನು ಸೆರಗು ಸರಿಮಾಡಿಕೊಂಡು ಅಡುಗೆ ಕೋಣೆಗೆ ಹೋದೆ. ಈಗ ಪಾಣೆಮಂಗಳೂರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬರುವುದಿಲ್ಲ, ನಿಮ್ಮ ಅಮ್ಮ ಓದಿ ಹೇಳಬೇಕು. ಅವಳ ವಿಷಯ ಬಂದಲ್ಲಿ ಅವಳು ಹಾರಿಸಿ ಓದುತ್ತಾಳೆ, ಆಗ ತಡೆದು ಕೇಳಿ.

ನಮ್ಮಲ್ಲಿ ಒಂದು ಕ್ರಮ ಉಂಟು. ದೀಪಾವಳಿಯ ಅಮಾವಾಸ್ಯೆಯ ದಿನ ಸತ್ತವರಿಗೆ ಬಡಿಸಬೇಕು. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಒಂದು ಕೋಣೆಯಲ್ಲಿ ಬಾಳೆಲೆ ಹಾಕಿ ಬಡಿಸಿ, ಅವರನ್ನು ಊಟಕ್ಕೆ ಕರೆದು, ನಾವು ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಒಳಗೆ ಇಣುಕಬಾರದು. ಬದುಕಿದ್ದಾಗಲೂ ಉಣ್ಣುವವರ ಬಾಯಿ ನೋಡಬಾರದು ಎನ್ನುತ್ತಾರಲ್ಲ, ಸತ್ತವರಿಗೆ ಆ ಮರ್ಯಾದೆ ಇನ್ನೂ ಹೆಚ್ಚು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆರೆದು, ಅವರು ಬಿಟ್ಟದ್ದನ್ನು ಮನೆಯವರು ಉಣ್ಣುವುದು. ನಮ್ಮ ಮನೆಯ ಪದ್ಧತಿಯಲ್ಲಿ ಇದೆಲ್ಲ ಸೂರ್ಯ ಮುಳುಗುವ ಮೊದಲೇ ಆಗಬೇಕು. ಆ ದಿನ ಬಡಿಸದಿದ್ದರೆ ಹೋದವರು ಬಾಗಿಲ ತನಕ ಬಂದು, ಖಾಲಿ ಹೊಟ್ಟೆಯಲ್ಲಿ ಹಿಂದೆ ಹೋಗಿ, ಮುಂದಿನ ದೀಪಾವಳಿಯ ತನಕ ಕಾಯುತ್ತಾರೆ ಎಂದು ನನ್ನ ಅತ್ತೆ ಹೇಳುತ್ತಿದ್ದರು.

ನಿಮ್ಮ ಅಜ್ಜ ಹೋದ ಮೇಲೆ ಬಂದ ಮೊದಲ ದೀಪಾವಳಿ ಅದು. ನಾರಾವಿಯ ಮೂಲಮನೆಯಲ್ಲಿ ಅವರ ತಮ್ಮ ಎಲ್ಲ ಹಿರಿಯರಿಗೂ ಬಡಿಸುತ್ತಾನೆ, ಅದು ಸರಿ. ಆದರೆ ಒಂದು ಏಣಿಯ ವಿಷಯದಲ್ಲಿ ತಮ್ಮನೊಡನೆ ಮಾತು ಬಿಟ್ಟ ನಿಮ್ಮ ಅಜ್ಜ, "ಆ ಮನೆಯಲ್ಲಿ ಇನ್ನು ಒಂದು ಹನಿ ನೀರು ಕುಡಿಯುವುದಿಲ್ಲ" ಎಂದಿದ್ದರು. ಅವರು ಹಟ ಹಿಡಿದರೆ ಹಿಡಿದದ್ದೇ. ಮೂಡುಬಿದಿರೆಯ ರೈಸ್ ಮಿಲ್ಲಿನಲ್ಲಿ ಕೆಲಸ ಮಾಡುವಾಗ ಒಮ್ಮೆ ಧಣಿ ಏನೋ ಅಂದರೆಂದು, ಮಿಲ್ಲಿನಲ್ಲಿ ಕೊಡುವ ಮಧ್ಯಾಹ್ನದ ಗಂಜಿ ಬಿಟ್ಟವರು ನಿವೃತ್ತಿಯ ತನಕ ಮುಟ್ಟಲಿಲ್ಲ. ಹಾಗಾಗಿ ನಾರಾವಿಯಲ್ಲಿ ಅವರು ಉಣ್ಣುವುದಿಲ್ಲ ಎಂದು ನನಗೆ ಖಂಡಿತವಾಗಿ ಗೊತ್ತಿತ್ತು. ಅವರಿಗೆ ಬಡಿಸಬೇಕಾದವಳು ನಾನೊಬ್ಬಳೇ. ನಾನಾದರೋ ಸಮುದ್ರದ ಆಚೆ, ನಿಮ್ಮ ಏಳನೆಯ ಮಾಳಿಗೆಯ ಮನೆಯಲ್ಲಿದ್ದೆ.

ಅದೇ ದಿನಕ್ಕೆ ನಿಮ್ಮ ಅಪ್ಪ ನನಗಾಗಿ ಈ ಪ್ರವಾಸ ಬುಕ್ ಮಾಡಿದ್ದರು. ಬೆಟ್ಟ ದಾಟಿ ಮರುಭೂಮಿಯ ಕಡೆ ಹೋಗುವುದು, ಹಳೆಯ ಕೋಟೆಗಳನ್ನು ನೋಡುವುದು, ರಾತ್ರಿ ಹಿಂದೆ ಬರುವುದು. "ಅತ್ತೆಯ ಮನಸ್ಸು ಸ್ವಲ್ಪ ಹಗುರ ಆಗಲಿ" ಎಂದು ಅಷ್ಟು ಪ್ರೀತಿಯಿಂದ ಹೇಳಿದ ಅಳಿಯನಿಗೆ, ಅದೂ ಹಬ್ಬದ ದಿನವೂ ಹೋಟೆಲಿನಲ್ಲಿ ದುಡಿಯುವವರಿಗೆ, ಆ ದಿನ ಬೇಡ ಎಂದು ಹೇಗೆ ಹೇಳುವುದು? ನಿಮ್ಮ ಅಮ್ಮ ಶೈಲಜನಿಗೆ ಬಡಿಸುವ ವಿಷಯ ನೆನಪೇ ಇರಲಿಲ್ಲ. ನೆನಪು ಮಾಡಿದರೆ ಅಳುತ್ತಾಳೆ ಎಂದು ನಾನು ಸುಮ್ಮನಾದೆ. ನಸುಕಿನಲ್ಲಿ ಎದ್ದು, ಎಲ್ಲರಿಗೂ ದಾರಿಯ ಬುತ್ತಿ ಎಂಬ ನೆಪದಲ್ಲಿ ಅಡುಗೆ ಮಾಡಿದೆ. ಕೋಳಿ ಸಾರು, ಊರಿನಿಂದ ತಂದ ಒಣ ರೊಟ್ಟಿ, ಕುಚ್ಚಲಕ್ಕಿಯ ಅನ್ನ, ಒಣ ಸಿಗಡಿಯ ಚಟ್ನಿ. ಇಷ್ಟರ ಜೊತೆಗೆ ಒಂದು ಗುಟುಕು ಬ್ರಾಂದಿಯನ್ನೂ ಇಡುವುದು ರೂಢಿ. ಆ ದೇಶದಲ್ಲಿ ಅದನ್ನು ಕೊಡಿ ಎಂದು ಅಳಿಯನನ್ನು ಕೇಳುವುದಕ್ಕಿಂತ ನಾನೇ ಸತ್ತವರ ಸಾಲಿಗೆ ಸೇರುವುದು ಸುಲಭ. ಬಣ್ಣವಾದರೂ ಒಂದೇ ಇರಲಿ ಎಂದು ಸಣ್ಣ ಬಾಟ್ಲಿಯಲ್ಲಿ ಕರಿ ಚಹಾ ತುಂಬಿಸಿಕೊಂಡೆ. ಬಾಳೆಲೆಯನ್ನು ಸುರುಳಿ ಸುತ್ತಿ ಹಳೆಯ ಸೀರೆಯ ತುಂಡಿನೊಳಗೆ ಅಡಗಿಸಿದೆ.

ವ್ಯಾನಿನಲ್ಲಿ ನಾನು, ಶೈಲಜ, ನೀವಿಬ್ಬರು, ಒಂದು ಬಿಳಿಯ ದಂಪತಿ, ಕ್ಯಾಮೆರಾ ಹಿಡಿದ ಇಬ್ಬರು ಹುಡುಗಿಯರು. ವ್ಯಾನು ಓಡಿಸುವವನೂ ವಿವರಿಸುವವನೂ ಒಬ್ಬನೇ, ಹಮೀದ್. ವಿಟ್ಲದ ಕಡೆಯವನಂತೆ. ನಾನು ಪಾಣೆಮಂಗಳೂರಿನವಳು ಎಂದು ತಿಳಿದದ್ದೇ ತಡ, ಸ್ಟಿಯರಿಂಗ್ ಬಿಟ್ಟು ತಿರುಗಿ ಕೂತು ತುಳುವಿನಲ್ಲಿ ಮಾತಾಡಿದ. "ಅಮ್ಮಾ, ನಮ್ಮ ಪಾಣೆಮಂಗಳೂರಿನ ಹೊಳೆ ದಾಟುವ ಸಂಕ ಹೇಗುಂಟು? ಬಿ.ಸಿ.ರೋಡಿನಲ್ಲಿ ಈಗಲೂ ಬಸ್ಸಿನವರು ಕೈ ಹಿಡಿದು ಎಳೆಯುತ್ತಾರಾ?" ನಾನು ಹೂಂ ಎಂದೆ, ಅವನಿಗೆ ಕೇಳಿಸಲಿಲ್ಲ. ಬಿಸಿಲೇರುತ್ತಿದ್ದ ಹಾಗೆ ನನ್ನ ಕಾಲ ಬಳಿಯ ಚೀಲದಿಂದ ಸಿಗಡಿ ಚಟ್ನಿ ತನ್ನ ಪರಿಚಯ ತಾನೇ ಹೇಳಿಕೊಳ್ಳತೊಡಗಿತು. ಬಿಳಿಯ ಹೆಂಗಸು ಕರವಸ್ತ್ರ ತೆಗೆದಳು. ಹಮೀದ್ ಏಸಿಯ ಗುಂಡಿ ತಿರುಗಿಸಿ, "ಒಳಗೆ ಇಲಿ ಗಿಲಿ ಸತ್ತಿದೆಯಾ ಅಂತ ನಾಳೆ ಗ್ಯಾರೇಜಿನಲ್ಲಿ ತೋರಿಸಬೇಕು ಮಾರಾಯ್ರೆ" ಎಂದು ತನಗೆ ತಾನೇ ಹೇಳಿಕೊಂಡ. ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ಹೊರಗೆ ನೋಡುವುದೂ ಸುಲಭವಿರಲಿಲ್ಲ. ನಮ್ಮ ಚಾರ್ಮಾಡಿ ಘಾಟಿಯ ಮೈಮೇಲಿನ ಹಸಿರನ್ನೆಲ್ಲ ಕಳಚಿ ನಿಲ್ಲಿಸಿದರೆ ಹೇಗಿದ್ದೀತು, ಹಾಗಿದ್ದವು ಆ ಬೆಟ್ಟಗಳು. ಒಂದು ಹುಲ್ಲಿನ ಮರೆಯೂ ಇಲ್ಲ, ಎಲುಬು ಎಲುಬು ಕಾಣುತ್ತದೆ. ಆಸ್ಪತ್ರೆಯಲ್ಲಿ ಕೊನೆಯ ವಾರ ನಿಮ್ಮ ಅಜ್ಜನ ಬೆನ್ನು ಒರೆಸುವಾಗ ಕಂಡದ್ದು ನೆನಪಾಗಿ ನಾನು ಕಣ್ಣು ಮುಚ್ಚಿದೆ. ನಾನು ನಿದ್ದೆ ಹೋದೆನೆಂದು ನೀವು ನಕ್ಕಿರಿ.

ಕೋಟೆಯಲ್ಲಿ ಬಡಿಸಿಬಿಡುವ ಎಂದು ನನ್ನ ಲೆಕ್ಕ. ಅಷ್ಟು ದೊಡ್ಡ ಮಣ್ಣಿನ ಕೋಟೆ, ಅಷ್ಟು ಕೋಣೆಗಳು, ಒಂದಾದರೂ ನನಗೆ ಸಿಗದೆ ಇದ್ದೀತೆ? ಹಮೀದ್ ರಾಜರ ಕಥೆ ಹೇಳುತ್ತಿದ್ದಾಗ ನಾನು ಚೀಲ ಹಿಡಿದು ಹಿಂದೆ ಉಳಿದೆ. ಒಂದು ಕತ್ತಲೆ ಕೋಣೆ ಹೊಕ್ಕರೆ ಅಲ್ಲಿ ಕಾವಲುಗಾರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಖರ್ಜೂರ ತಿನ್ನುತ್ತಿದ್ದ, ನನಗೂ ಒಂದು ಕೊಟ್ಟ. ಇನ್ನೊಂದರಲ್ಲಿ ಎಲೆಯನ್ನು ಅರ್ಧ ಬಿಡಿಸುವಷ್ಟರಲ್ಲಿ ಶಾಲೆಯ ಮಕ್ಕಳ ದಂಡು ನುಗ್ಗಿತು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಾದರೆ ಒಂದು ಕಂಬದ ಹಿಂದೆ ದಿನವಿಡೀ ಕೂತರೂ ಯಾರೂ ಕೇಳುವುದಿಲ್ಲ. ಇಲ್ಲಿ ಎಲ್ಲಿ ಹೋದರೂ ನನ್ನನ್ನು ಯಾರಾದರೂ ಕಾಪಾಡಲು ಬರುತ್ತಿದ್ದರು. "ಅಮ್ಮಾ, ಎಲ್ಲಿ ಹೋದದ್ದು? ತಲೆ ತಿರುಗುತ್ತದಾ?" ಎಂದು ನಿಮ್ಮ ಅಮ್ಮ ಬಂದಳು. ಮಧ್ಯಾಹ್ನ ಹೋಟೆಲಿನಲ್ಲಿ ನೀವೆಲ್ಲ ಉಂಡಿರಿ. ನಿಮ್ಮ ಅಜ್ಜನಿಗೆ ಬಡಿಸದೆ ನಾನು ಉಣ್ಣುವ ಹಾಗಿಲ್ಲ. ಹೊಟ್ಟೆ ಸರಿಯಿಲ್ಲ ಎಂದೆ. ಬುತ್ತಿ ಬಿಚ್ಚುವ ಎಂದು ನೀವು ಹೇಳಿದಾಗ ಅದು ಸಂಜೆಗೆ ಎಂದೆ.

ಬಿಸಿಲು ಬಾಡತೊಡಗಿದಾಗ ವ್ಯಾನು ಒಂದು ದೊಡ್ಡ ಬಂಡೆಯ ಬೆಟ್ಟದ ಎದುರಿನ ದಿಬ್ಬದ ಬಳಿ ನಿಂತಿತು. ದಿಬ್ಬದ ಮೇಲೆ ಸಾಲಾಗಿ, ಸುಣ್ಣ ಮಣ್ಣು ಏನೂ ಇಲ್ಲದೆ ಬರೀ ಕಲ್ಲು ಪೇರಿಸಿ ಕಟ್ಟಿದ ಗುಂಡಗಿನ ಗುಡಿಸಲುಗಳು. ಕೋಳಿಗೂಡನ್ನು ದೊಡ್ಡದು ಮಾಡಿದ ಹಾಗೆ, ಬಗ್ಗಿ ಹೋಗುವಂಥ ಒಂದು ಸಣ್ಣ ಬಾಗಿಲು. ಬೇಲಿ ಇಲ್ಲ, ಕಾವಲು ಇಲ್ಲ. ಹಮೀದ್ ಕೆಳಗೆ ವ್ಯಾನಿನ ಬಳಿ ಎಲ್ಲರನ್ನೂ ನಿಲ್ಲಿಸಿ ಇತಿಹಾಸ ಹೇಳತೊಡಗಿದ. ನಾನು ಅದನ್ನು ಕೇಳಬೇಕಿತ್ತು. ಕೇಳದೆ ಮೇಲೆ ಹತ್ತಿದೆ. ಹಿಂದಿನ ಕಾಲದ ದನ ಕಾಯುವವರ ಮನೆ ಇರಬೇಕು, ದೇವರೇ ನನಗಾಗಿ ಬಾಗಿಲು ತೆರೆದಿಟ್ಟಿದ್ದಾನೆ ಎಂದುಕೊಂಡು ತುದಿಯ ಗೂಡಿನೊಳಗೆ ನುಸುಳಿದೆ. ನೆಲ ಗುಡಿಸಿ ಎಲೆ ಹಾಕಿ ಎಲ್ಲವನ್ನೂ ಬಡಿಸಿದೆ, ಚಹಾ ಇಟ್ಟೆ, ಕೈಮುಗಿದೆ. ಹೊರಗೆ ಬಂದು, ಎಳೆದುಕೊಳ್ಳಲು ಕದ ಇಲ್ಲದ ಕಾರಣ ಬಾಗಿಲಿಗೆ ನನ್ನ ಸೆರಗನ್ನೇ ಅಡ್ಡ ಹಿಡಿದು ಬೆನ್ನು ಹಾಕಿ ನಿಂತೆ.

ಆಗ ಏದುಸಿರು ಬಿಡುತ್ತಾ ಶೈಲಜ ಬಂದಳು, ಹಿಂದೆ ಹಮೀದ್. ಅವಳು ನನ್ನ ಸೆರಗಿನ ಸಂದಿಯಿಂದ ಎಲೆಯ ತುದಿ ನೋಡಿದಳು.

"ಇವತ್ತು ಅಮಾವಾಸ್ಯೆಯಾ?" ಎಂದಳು.

ನಾನು ತಲೆಯಾಡಿಸಿದೆ.

"ಅಮ್ಮಾ, ಇದು ಏನು ಅಂತ ಗೊತ್ತುಂಟಾ ನಿಮಗೆ? ಹಮೀದಣ್ಣ ಇಷ್ಟು ಹೊತ್ತು ಅದನ್ನೇ ಹೇಳುತ್ತಿದ್ದದ್ದು. ಇವೆಲ್ಲ ಗೋರಿಗಳು! ನಾಲ್ಕೈದು ಸಾವಿರ ವರ್ಷದ ಹಿಂದಿನದ್ದು!"

ಸೂತಕದ ಯೋಚನೆ ಆಮೇಲೆ ಬಂತು. ಮೊದಲು ಬಂದದ್ದು ಇದು: ಮದುವೆ ಮನೆಯಲ್ಲೂ ಯಾರಾದರೂ ಕೈ ಹಿಡಿದು ಕೂರಿಸದಿದ್ದರೆ ಪಂಕ್ತಿಗೆ ಕೂರದ ಮನುಷ್ಯನನ್ನು ನಾನು ಇಷ್ಟೊಂದು ಅಪರಿಚಿತರ ನಡುವೆ ಊಟಕ್ಕೆ ಕರೆದೆನಲ್ಲ! ಅವರು ಹೊಸ್ತಿಲಲ್ಲೇ ನಿಂತಿರುತ್ತಾರೆ. ಸಾವಿರಾರು ವರ್ಷ ಯಾರೂ ಒಂದು ಅಗುಳು ಹಾಕದ ಈ ಊರಿನ ಹಸಿದವರೆಲ್ಲ ಸಿಗಡಿ ಚಟ್ನಿಯನ್ನು ಬೆರಳು ಚೀಪಿ ಮುಗಿಸಿರುತ್ತಾರೆ.

"ಉಂಡರೆ ಉಣ್ಣಲಿ ಅಮ್ಮಾ, ಅವರೂ ಪಾಪ" ಎಂದ ಹಮೀದ್. "ಆದರೆ ಇಲ್ಲಿ ಊಟ ಬಿಟ್ಟು ಹೋಗುವ ಹಾಗೆ ಇಲ್ಲ, ನನಗೆ ಬೈಗುಳ ಬೀಳುತ್ತದೆ. ಸ್ವಲ್ಪ ಹೊತ್ತು ಇರಲಿ, ನಾನು ಉಳಿದವರಿಗೆ ಆ ಕಡೆಯ ಗೋರಿ ತೋರಿಸುತ್ತೇನೆ. ಆಮೇಲೆ ಒಂದು ಅಗುಳು ಬಿಡದೆ ಎತ್ತಿಬಿಡಿ." ಹೋಗುತ್ತಾ ತಿರುಗಿ, "ಆ ಸತ್ತ ಇಲಿ ನಿಮ್ಮ ಚೀಲದಲ್ಲಿ ಇದ್ದದ್ದಾ? ಗ್ಯಾರೇಜಿನ ಖರ್ಚು ಉಳಿಯಿತು" ಎಂದ.

ಶೈಲಜ ಬಗ್ಗಿ ಎಲೆಯನ್ನೇ ನೋಡುತ್ತಿದ್ದಳು. "ಚಟ್ನಿಗೆ ಉಪ್ಪು ಸರಿಯಾಗಿ ಹಾಕಿದ್ದೀರಾ?" ಎಂದಳು. ಡಾಕ್ಟರು ಹೇಳಿದರೆಂದು ದಿನಾ ಫೋನಿನಲ್ಲಿ ಅಪ್ಪನ ಉಪ್ಪು ನಿಲ್ಲಿಸಿದವಳು ಅವಳೇ. ಅಪ್ಪ ಹೋದ ದಿನ ಅವಳಿಗೆ ಬರಲು ವಿಮಾನ ಸಿಗಲಿಲ್ಲ.

"ಅವರಿಗೆ ಬೇಕಾದಷ್ಟು ಹಾಕಿದ್ದೇನೆ."

"ಕರೆದಿರಾ?"

"ಕರೆದೆ."

"ಹೇಗೆ ಕರೆದದ್ದು?"

"ಮನಸ್ಸಿನಲ್ಲಿ."

"ಅಯ್ಯೋ ಅಮ್ಮಾ! ಮಿಲ್ಲಿನ ಸದ್ದಿಗೆ ಅಪ್ಪನ ಕಿವಿ ಹೋಗಿ ಎಷ್ಟು ವರ್ಷ ಆಯಿತು? ಕಿವಿಯ ಹತ್ತಿರ ನಿಂತು ಬೊಬ್ಬೆ ಹಾಕಿದರೂ 'ಹಾಂ?' ಅನ್ನುತ್ತಿದ್ದವರಿಗೆ ನೀವು ಮನಸ್ಸಿನಲ್ಲಿ ಕರೆದರೆ, ಅದೂ ಈ ಬೆಟ್ಟದ ಆಚೆ! ಅಪ್ಪ ಪಾಣೆಮಂಗಳೂರಿನ ಬಾಗಿಲಲ್ಲೇ ಕಾಯುತ್ತಿರುತ್ತಾರೆ. ದೊಡ್ಡದಾಗಿ ಕರೆಯಿರಿ."

"ಜನ ಇದ್ದಾರೆ. ನೀನು ಕರೆ."

"ನಾನು ಕರೆದರೆ ಬರುತ್ತಾರಾ? ಬಡಿಸಿದವರು ಕರೆಯಬೇಕು."

ಸೂರ್ಯ ಆ ಬಂಡೆಯ ನೆತ್ತಿಗೆ ತಾಗುತ್ತಿದ್ದ. ಇನ್ನು ಸ್ವಲ್ಪ ಹೊತ್ತು, ಆಮೇಲೆ ಒಂದು ವರ್ಷ. ನಾನು ಮೊದಲು ಕೆಮ್ಮಿದೆ. ಆಮೇಲೆ "ಕೇಳಿತಾ" ಎಂದೆ, ಅದು ಶೈಲಜನಿಗೂ ಕೇಳಿಸಲಿಲ್ಲ. ಅವಳು ನನ್ನ ಬೆನ್ನ ಮೇಲೆ ಕೈ ಇಟ್ಟಳು. ಆಗ ಎಲ್ಲಿಂದ ಬಂತೋ ಗೊತ್ತಿಲ್ಲ. "ಓಯ್! ಕೇಳಿತಾ! ಊಟಕ್ಕೆ ಬನ್ನಿ! ನಾನು ಇಲ್ಲಿದ್ದೇನೆ, ಇಲ್ಲಿ ಬನ್ನಿ!" ಬೆಟ್ಟ ಅದನ್ನು ಹಿಡಿದು ತಿರುಗಿಸಿ ನನ್ನ ಮುಖಕ್ಕೇ ಎಸೆಯಿತು. ಬನ್ನಿ, ಬನ್ನಿ ಎಂದು ಯಾವುದೋ ಹೆಂಗಸು ಆಚೆಯಿಂದ ನನ್ನನ್ನು ಕರೆದ ಹಾಗಾಯಿತು. ನಾನು ಮತ್ತೂ ಕೂಗಿದೆ. ಗಂಟಲು ಒಡೆಯುವ ತನಕ ಕೂಗಿದೆ.

ಕರೆದವರು ಬಂದರೋ ಇಲ್ಲವೋ, ಕರೆಯದವರೆಲ್ಲ ಬಂದರು. ನೀವಿಬ್ಬರು ಓಡಿ ಬಂದಿರಿ. ಕ್ಯಾಮೆರಾದ ಹುಡುಗಿಯರು ಬಂದರು. ಅಜ್ಜಿಗೆ ಹಾವು ಕಚ್ಚಿತೆಂದು ಬಿಳಿಯ ಗಂಡಸು ಔಷಧದ ಪೆಟ್ಟಿಗೆ ಹಿಡಿದು ಬಂದ. ಹಮೀದ್ ಎಲ್ಲರನ್ನೂ ತಡೆದು, "ಏನಿಲ್ಲ, ಅಮ್ಮ ಮನೆಯವರನ್ನು ಊಟಕ್ಕೆ ಕರೆಯುತ್ತಿದ್ದಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿದನಂತೆ. ಅವರು ಸುತ್ತಲಿನ ಬಯಲು ನೋಡಿದರು, ನನ್ನನ್ನು ನೋಡಿದರು, ಮೆಲ್ಲಗೆ ವ್ಯಾನಿನ ಕಡೆ ಇಳಿದರು.

ಎಲೆ ತೆಗೆಯುವಾಗ ಅಗುಳು ಅಲುಗಾಡಿರಲಿಲ್ಲ. ಕರಿ ಚಹಾ ಹಾಗೇ ಇತ್ತು. ಚಟ್ನಿಗೆ ಮಾತ್ರ ನಾಲ್ಕು ಇರುವೆ ಹತ್ತಿದ್ದವು. "ನೋಡಿ, ಬಂದಿದ್ದಾರೆ" ಎಂದಳು ಶೈಲಜ. ಇರುವೆ ಎಲ್ಲಿಗೂ ಬರುತ್ತದೆ ಎಂದು ನಾನು ಹೇಳಲಿಲ್ಲ. ವ್ಯಾನಿನ ಹಿಂದೆ ಕೂತು, ಅವರು ಬಿಟ್ಟದ್ದನ್ನು ನಾವಿಬ್ಬರು ಒಂದೇ ಎಲೆಯಿಂದ ಉಂಡೆವು. ಅವಳು ಚಟ್ನಿ ನೆಕ್ಕಿ, "ಉಪ್ಪು ಹೆಚ್ಚಾಯಿತು" ಎಂದು ಅತ್ತಳು. ನನಗೆ ಅಳು ಬರಲಿಲ್ಲ. ನನಗೆ ಬೇರೆಯೇ ಒಂದು ಅನುಮಾನ ಹತ್ತಿತ್ತು. ಇವರಿಗೆ ಕಿವಿ ಕೇಳುವುದಿಲ್ಲ, ಮಾತಾಡಿ ಏನು ಪ್ರಯೋಜನ ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಊಟಕ್ಕೆ ಕರೆಯುವ ಬದಲು ಬಟ್ಟಲು ಕುಟ್ಟುತ್ತಿದ್ದೆ. ಅವರಿಗೆ ಕೇಳುತ್ತಿರಲಿಲ್ಲವೋ, ನಾನು ಹೇಳುತ್ತಿರಲಿಲ್ಲವೋ? ಈಗ ಯಾರನ್ನು ಕೇಳುವುದು?

ಊರಿಗೆ ಬಂದ ಮೇಲೆ ಮೊನ್ನೆ ಹಮೀದನ ತಾಯಿಗೆ ಅವನು ಕೊಟ್ಟ ಖರ್ಜೂರ ಮುಟ್ಟಿಸಲು ವಿಟ್ಲಕ್ಕೆ ಹೋಗಿದ್ದೆ. ಹಿಂದೆ ಬರುವಾಗ ಪಾಣೆಮಂಗಳೂರು ಹತ್ತಿರವಾಯಿತು. "ಇಲ್ಲಿ ಇಳಿಯಲಿಕ್ಕೆ ಉಂಟು" ಎಂದೆ. ಕಂಡಕ್ಟರ್ ನನ್ನ ಎರಡು ಸೀಟು ಮುಂದೆ ನಿಂತು ಯಾರೊಡನೆಯೋ ನಗುತ್ತಿದ್ದ. ನನ್ನ ಸ್ಟಾಪು ಕಿಟಕಿಯಲ್ಲಿ ಹಿಂದೆ ಹೋಯಿತು, ಹೊಳೆಯೂ ಹೋಯಿತು. ಬೆಟ್ಟ ನಡುಗುವ ಹಾಗೆ ಸತ್ತವರನ್ನು ಕರೆದ ಹೆಂಗಸು ನಾನು. ಬದುಕಿರುವ ಒಬ್ಬ ಕಂಡಕ್ಟರನನ್ನು ಕರೆಯಲು ನಾಚಿಕೆಯಾಗಿ ಬಿ.ಸಿ.ರೋಡಿನ ತನಕ ಹೋಗಿ ಇಳಿದೆ, ಕೊಡೆ ಬಿಡಿಸಿ ಸಂಕದ ಮೇಲೆ ನಡೆದುಕೊಂಡು ಮನೆಗೆ ಬಂದೆ.